ಸತ್ತಿಗೆ ಕೇಳಿದವರು

ಮಾತಂಗ ಕನ್ಯೆಯರನ್ನು ನಾನು ಮೊದಲ ಸಲ ನೋಡಿದ್ದು ಕಾಪುವಿನ ಹತ್ತಿರದ ಒಂದು ಕೊಯ್ದ ಗದ್ದೆಯಲ್ಲಿ. ಹರಕೆಯ ಬಯಲಾಟ, ಪ್ರಸಂಗ ಹರಿಶ್ಚಂದ್ರ. ನಮ್ಮವರು ಕೂರುವ ಜಾಗ ರಂಗಸ್ಥಳದ ಎದುರಿಗಲ್ಲ, ಪಕ್ಕದ ಹುಣಿಯ ಆಚೆಗೆ. ಅಲ್ಲೇ ಕೂರಿ ಅಂತ ಹೇಳಿದವರು ಯಾರೂ ಇಲ್ಲ, ನಮಗೆ ಗೊತ್ತಿತ್ತು, ಅಷ್ಟೆ. ಅಲ್ಲಿಂದ ವೇಷಗಳ ಒಂದು ಮಗ್ಗುಲು ಮಾತ್ರ ಕಾಣುತ್ತಿತ್ತು, ಭಾಗವತರ ಪದ ಮಾತ್ರ ಪೂರ್ತಿ ಕೇಳುತ್ತಿತ್ತು. ಇಬ್ಬರು ಹುಡುಗಿಯರು ಅರಸನ ಮುಂದೆ ಹಾಡಿ ಕುಣಿದರು. ಅರಸ ಮೆಚ್ಚಿ ಏನು ಬೇಕೋ ಕೇಳಿ ಅಂದ. ನಿನ್ನ ಸತ್ತಿಗೆ ಕೊಡು ಅಂದರು. ಅದಾಗದು ಅಂದಾಗ, ಹಾಗಾದರೆ ನೀನೇ ನಮ್ಮ ಗಂಡನಾಗು ಅಂದರು. ಅರಸನ ವೇಷದವನು ಅದಕ್ಕೆ ಎದುರು ಅರ್ಥ ಹೇಳುವಾಗ ಇಡೀ ಗದ್ದೆ ನಕ್ಕಿತು. ಹುಣಿಯ ಆಚೆಗಿದ್ದ ನಮ್ಮವರೂ ನಕ್ಕರು. ನಾನೂ ನಕ್ಕೆ.

ಆ ನಗುವಿನ ಲೆಕ್ಕ ಇನ್ನೂ ನನಗೆ ಚುಕ್ತಾ ಆಗಿಲ್ಲ. ಈ ಬರಹ ಅದರ ಬೆನ್ನು ಹತ್ತಿ ಹೋದದ್ದು.

ಅಮೆರಿಕದ ಸಂಗೀತ ನಾಟಕದವರಲ್ಲಿ ಒಂದು ರೂಢಿಯಿದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮುಖ್ಯ ಪಾತ್ರ ಮುಂದೆ ಬಂದು ತನ್ನ ಒಳಗಿನ ಆಸೆಯನ್ನು ಹಾಡಬೇಕು. ಅಂಥ ಹಾಡಿಗೆ ಅವರು ‘ನನಗೆ ಬೇಕು’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. 1956ರ ‘ಮೈ ಫೇರ್ ಲೇಡಿ’ಯಲ್ಲಿ ಬೀದಿಯಲ್ಲಿ ಹೂ ಮಾರುವ ಎಲೈಜಾ ಬಯಸುವುದು ಬೆಚ್ಚಗಿನ ಒಂದು ಕೋಣೆ, ಕೂರಲು ಒಂದು ಕುರ್ಚಿ. ಅದನ್ನು ಹಾಡಿದ ಗಳಿಗೆಯಿಂದ ಪ್ರೇಕ್ಷಕ ಅವಳ ಕಡೆಯವನಾಗುತ್ತಾನೆ. ಆಸೆ ಈಡೇರುತ್ತದೋ ಇಲ್ಲವೋ ಎಂಬುದೇ ಮುಂದಿನ ಕಥೆ. ನನ್ನ ಪ್ರಶ್ನೆ ಸರಳವಾದದ್ದು. ನಮ್ಮ ಕರಾವಳಿಯ ರಂಗದಲ್ಲಿ ಹೊಲೆಯನಿಗೆ, ಕೊರಗನಿಗೆ, ಅವರ ಹೆಂಗಸರಿಗೆ ಅಂಥ ಒಂದು ಹಾಡು ಸಿಕ್ಕಿದೆಯೆ? ಸಿಕ್ಕಿದ್ದರೆ ಪ್ರೇಕ್ಷಕ ಯಾರ ಕಡೆ ಹೋದ?

ಯಕ್ಷಗಾನದಲ್ಲಿ ಪಾತ್ರ ಹಾಡುವುದಿಲ್ಲ. ಹಾಡುವವರು ಭಾಗವತರು. ಪದ್ಯದ ಒಳಗೆ ‘ನಾನು’ ಇರಬಹುದು, ಆದರೆ ಗಂಟಲು ಬೇರೆಯವರದು. ವೇಷಧಾರಿ ಆ ಪದ್ಯಕ್ಕೆ ಕುಣಿದು, ಆಮೇಲೆ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದ್ಯ ಬರೆದಿಟ್ಟದ್ದು, ಅರ್ಥ ಆಶುವಾಗಿ ಹುಟ್ಟುವಂಥದ್ದು. ಹೀಗಾಗಿ ಒಂದು ಪಾತ್ರದ ಆಸೆಗೆ ಪದ್ಯದಲ್ಲಿ ಎಷ್ಟೇ ಗೌರವವಿದ್ದರೂ ಎದುರು ವೇಷದವನ ಒಂದು ಚುರುಕು ಮಾತು ಅದನ್ನು ನೆಲಕ್ಕೆ ಕೆಡವಬಹುದು. ಆ ರಾತ್ರಿ ಆದದ್ದು ಅದೇ. ಕನ್ಯೆಯರ ಪದ್ಯಕ್ಕೆ ಜನ ನಗಲಿಲ್ಲ, ತಲೆದೂಗಿದರು. ನಗು ಎದ್ದದ್ದು ಅರ್ಥದಲ್ಲಿ. ರಾಗಕ್ಕೆ ಮಡಿಯಿಲ್ಲ, ಮಾತಿಗೆ ಇದೆ ಅಂತ ಕಾಣುತ್ತದೆ.

ಈ ಸನ್ನಿವೇಶದ ಬೇರು 13ನೇ ಶತಮಾನದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿದೆ. ನಾನದನ್ನು ಓದಿದ್ದು ಕಾಲೇಜಿನಲ್ಲಿ, ಪಠ್ಯವಾಗಿ. ಅಲ್ಲಿ ಹುಡುಗಿಯರು ಬೇಡುವುದಿಲ್ಲ, ವಾದ ಹೂಡುತ್ತಾರೆ. ನಮ್ಮ ಹಾಡನ್ನು ಕೇಳಿದ ಕಿವಿಗೆ ಮೈಲಿಗೆಯಾಗಲಿಲ್ಲ, ರೂಪ ನೋಡಿದ ಕಣ್ಣಿಗೆ ಆಗಲಿಲ್ಲ, ಐದು ಇಂದ್ರಿಯಗಳಲ್ಲಿ ಮುಟ್ಟುವುದೊಂದೇ ಯಾಕೆ ಕೀಳಾಯಿತು ಅಂತ ಕೇಳುತ್ತಾರೆ. ಕನ್ನಡದಲ್ಲಿ ಅಸ್ಪೃಶ್ಯತೆಯ ಬಗ್ಗೆ ಇಷ್ಟು ನೇರವಾದ ಪ್ರಶ್ನೆ ಅಷ್ಟು ಹಿಂದೆಯೇ ಬಂದುಹೋಗಿದೆ. ಅರಸನಲ್ಲಿ ಇದಕ್ಕೆ ಉತ್ತರವಿಲ್ಲ. ಹೊಡೆದು ಓಡಿಸುತ್ತಾನೆ. ಆಮೇಲೆ ವಿಶ್ವಾಮಿತ್ರ ಬಂದು ಇವರನ್ನು ಮದುವೆಯಾಗು ಅಂದಾಗ, ಆಗುವುದಿಲ್ಲವೆಂದು ಇಡೀ ರಾಜ್ಯವನ್ನೇ ಬಿಟ್ಟುಕೊಡುತ್ತಾನೆ. ಸತ್ಯಕ್ಕಾಗಿ ರಾಜ್ಯ ಬಿಟ್ಟವನು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಕಾವ್ಯವನ್ನು ತೆರೆದು ನೋಡಿದರೆ ಅವನು ರಾಜ್ಯ ಬಿಟ್ಟದ್ದು ಆ ಇಬ್ಬರು ಹುಡುಗಿಯರ ಕೈ ಹಿಡಿಯಲಾರದೆ.

ಆದರೆ ರಾಘವಾಂಕನೂ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಸಿದುಕೊಂಡಿದ್ದಾನೆ. ಈ ಹುಡುಗಿಯರು ನಿಜವಾಗಿ ಯಾವ ಕೇರಿಯವರೂ ಅಲ್ಲ. ಅರಸನನ್ನು ಪರೀಕ್ಷಿಸಲು ಮುನಿ ಸೃಷ್ಟಿಸಿದವರು. ಅವರ ಆಸೆ ಅವರದಲ್ಲ, ಋಷಿಯೊಬ್ಬನ ಹೂಟ. ಪ್ರಶ್ನೆ ಮಾತ್ರ ನಮ್ಮದು, ಬಾಯಿ ನಮ್ಮದಲ್ಲ. ಮುಂದೆ ಅದೇ ಅರಸ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನಲ್ಲ, ಅದನ್ನು ಕೆಲವು ವಿಮರ್ಶಕರು ದೊಡ್ಡ ವ್ಯಂಗ್ಯವೆಂದು ಮೆಚ್ಚುತ್ತಾರೆ. ಇರಬಹುದು. ನನಗಂತೂ ಕೊನೆಯಲ್ಲಿ ಅವನಿಗೆ ರಾಜ್ಯ ವಾಪಸು ಬರುತ್ತದೆ, ಹುಡುಗಿಯರ ಸುದ್ದಿಯೇ ಇಲ್ಲ ಎಂಬುದಷ್ಟೇ ಕಾಣುತ್ತದೆ.

ಹಾಗಾದರೆ ನಮ್ಮದೇ ಬಾಯಿ ಎಲ್ಲಿ? ತುಳು ಪಾಡ್ದನಗಳಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಭೂತ ಕಟ್ಟುವವರು ನಲಿಕೆಯವರು, ಪಂಬದರು, ಪರವರು. ಮೂವರೂ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವವರು. ಅಣಿ ಕಟ್ಟಿ ಗಗ್ಗರ ಹಾಕಿದ ಮೇಲೆ ಅವರ ಮಾತು ಕಥೆ ಹೇಳುವ ‘ಅವನು’ವಿನಿಂದ ದೈವವೇ ಆಡುವ ‘ನಾನು’ವಿಗೆ ಹೊರಳುತ್ತದೆ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಹಾಡುವಾಗ ‘ಅವಳು’ ಆಗಿದ್ದವಳು ದೈವ ಮೈಮೇಲೆ ಬಂದಾಗ ‘ನಾನು’ ಆಗುವ ಈ ವ್ಯತ್ಯಾಸವನ್ನು ಅಮೆರಿಕದ ಪೀಟರ್ ಕ್ಲಾಸ್ ಬಹಳ ಹಿಂದೆಯೇ ಗುರುತಿಸಿದ್ದಾರೆ. ಅವರು ನೋಡಿದ್ದು ಪ್ರದರ್ಶನದ ವ್ಯಾಕರಣವನ್ನು. ನನ್ನನ್ನು ಕಾಡುವುದು ಬೆಳಗಾದ ಮೇಲಿನ ವ್ಯಾಕರಣ. ರಾತ್ರಿ ಗುತ್ತಿನ ಯಜಮಾನನನ್ನು ಏಕವಚನದಲ್ಲಿ ಕರೆದವನು ಬೆಳಿಗ್ಗೆ ಅದೇ ಅಂಗಳದ ಹೊರಗೆ ಅಕ್ಕಿಗೆ ಸೆರಗೊಡ್ಡಿ ನಿಲ್ಲುತ್ತಿದ್ದ. ಅವನು ರಾತ್ರಿಯಿಡೀ ಆಡಿದ ‘ನಾನು’ವಿನಲ್ಲಿ ತನಗೆ ಬೇಕಾದದ್ದನ್ನು ಒಂದು ಸಲವಾದರೂ ಕೇಳಿದನೇ?

ಕಾರ್ಕಳ ತಾಲೂಕಿನ ನಂದಳಿಕೆಯ ವಿಷಯ ಇನ್ನೂ ಸಿಕ್ಕುಸಿಕ್ಕಾಗಿದೆ. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಪ್ರಸಂಗಗಳನ್ನು ಬರೆದ ಮುದ್ದಣನ (1870–1901) ಊರು ಅದು. ಸಿರಿ ಜಾತ್ರೆಯ ಊರೂ ಅದೇ. ಜಾತ್ರೆಯ ರಾತ್ರಿ ನೂರಾರು ಹೆಂಗಸರು ಸಿರಿಯಾಗಿ, ಸೊನ್ನೆಯಾಗಿ, ಅಬ್ಬಗ–ದಾರಗರಾಗಿ ಅಳುತ್ತ, ಹಾಡುತ್ತ, ಮನೆಯವರೆದುರು ಹೇಳಲಾಗದ್ದನ್ನೆಲ್ಲ ಹೇಳುತ್ತಾರೆ. ಗಂಡನನ್ನು ಬಿಟ್ಟು ಹೊರಟ ಸಿರಿಯ ಕಥೆ ಹೆಂಗಸರಿಗೆ ಕೊಟ್ಟಿರುವ ಜಾಗ ಸಣ್ಣದಲ್ಲ. ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ನಮ್ಮ ವಿದ್ವಾಂಸರು ಸೇರಿ ಗೋಪಾಲ ನಾಯ್ಕರಿಂದ ಹಾಡಿಸಿ ಬರೆದುಕೊಂಡ ಸಿರಿ ಪಾಡ್ದನ 1998ರಲ್ಲಿ ಅಚ್ಚಾಗಿ ಜಗತ್ತಿನ ಮಹಾಕಾವ್ಯಗಳ ಸಾಲಿನಲ್ಲಿ ನಿಂತಿದೆ. ಸಂತೋಷವೇ. ಆದರೆ ಸಿರಿ ಅರಮನೆಯ ಹೆಣ್ಣು. ನನ್ನ ಅಮ್ಮನಿಗೆ ಅವಳ ದುಃಖ ಬಾಯಿಪಾಠವಿತ್ತು. ಸೊಂಟದವರೆಗೆ ಕೆಸರಿನಲ್ಲಿ ಬಗ್ಗಿಕೊಂಡು, ತಾನು ಹೊಕ್ಕಬಾರದ ಮನೆಯ ಹೆಣ್ಣಿನ ಕಣ್ಣೀರನ್ನು ಹಾಡುತ್ತಿದ್ದಳು. ಅಮ್ಮನ ದುಃಖಕ್ಕೆ ಪಾಡ್ದನ ಇರಲಿಲ್ಲ.

ಇತ್ತು ಅಂತಾದರೆ ಕೊರಗ ತನಿಯನದು. ತಬ್ಬಲಿ ಹುಡುಗ, ಸಾಕಿದವಳು ಮೈರಕ್ಕೆ ಬೈದೆದಿ. ಹಲವರು ಸೇರಿದರೂ ಎತ್ತಲಾರದ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತರುತ್ತಾನೆ. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು. ಆಗ ಅವನು ಬಯಸುವುದು ದೇವರ ದರ್ಶನವನ್ನಲ್ಲ. ಅಲ್ಲಿದ್ದ ಮಾದಳದ ಹಣ್ಣನ್ನು. ಉಪ್ಪಿನಕಾಯಿಗೆ ಆಗುತ್ತದೆಂದು. ಕೊಯ್ಯಲು ಹೋದವನು ಮಾಯವಾಗುತ್ತಾನೆ. ಮಾಯ ಎಂಬ ಮಾತನ್ನು ಭಕ್ತರು ಹೇಗೆ ಬೇಕಾದರೂ ಅರ್ಥ ಮಾಡಲಿ. ನಮ್ಮ ಅಜ್ಜಿ ‘ಮಾಯ ಮಾಡಿದರು’ ಅಂತಲೇ ಹೇಳುತ್ತಿದ್ದಳು. ಈಗ ತನಿಯ ಕೊರಗಜ್ಜನಾಗಿ ಮುಂಬೈವರೆಗೂ ಹೋಗಿದ್ದಾನೆ, ಕಾರಿನ ಗಾಜಿನ ಮೇಲೆಲ್ಲ ಅವನ ಹೆಸರು. ಅವನ ಕುಲದವರನ್ನು ಕಂಬಳದ ಮುನ್ನಾ ರಾತ್ರಿ ಇಬ್ಬನಿಯಲ್ಲಿ ಕೂರಿಸಿ ಡೋಲು ಬಾರಿಸಿಸುವುದನ್ನು, ಎಂಜಲು ಉಣಿಸುವುದನ್ನು ತಡೆಯಲು ಮಾತ್ರ 2000ದಲ್ಲಿ ಅಜಲು ನಿಷೇಧ ಕಾಯ್ದೆಯೇ ಬರಬೇಕಾಯಿತು.

ಪರದೇಶದ ಒಂದು ಸಂಗತಿ ಇಲ್ಲಿ ಹೇಳಬೇಕು. 1935ರಲ್ಲಿ ನ್ಯೂಯಾರ್ಕಿನಲ್ಲಿ ‘ಪೋರ್ಗಿ ಅಂಡ್ ಬೆಸ್’ ರಂಗಕ್ಕೆ ಬಂತು. ಬರೆದವರು, ಸಂಗೀತ ಕೊಟ್ಟವರು ಬಿಳಿಯರು. ಬಡ ಕರಿಯರ ಕೇರಿಯ ಕಥೆ. ಹಾಡಿದವರು ಕಪ್ಪು ಕಲಾವಿದರು. ಇದು ನಮ್ಮ ಬದುಕಲ್ಲ, ಅವರು ಕಲ್ಪಿಸಿಕೊಂಡ ಬದುಕು ಅಂತ ಕಪ್ಪು ಜನ ಅಂದೂ ಜಗಳ ತೆಗೆದರು, ಇಂದೂ ತೆಗೆಯುತ್ತಾರೆ. ಆದರೆ 1936ರಲ್ಲಿ ಆಟ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿಗೆ ಹೋದಾಗ ಪೋರ್ಗಿಯ ಪಾತ್ರದ ಟಾಡ್ ಡಂಕನ್ ಮತ್ತು ಸಂಗಡಿಗರು, ನಮ್ಮ ಜನ ಒಳಗೆ ಕೂರಲಾಗದ ಕಡೆ ನಾವು ಹಾಡುವುದಿಲ್ಲ ಅಂತ ಹಟ ಹಿಡಿದರು. ಥಿಯೇಟರಿನವರು ಮಣಿಯಬೇಕಾಯಿತು. ಹಾಡು ಬೇರೆಯವರದಾದರೇನು, ಕುರ್ಚಿಯ ಆಸೆ ಅವರದೇ ಆಗಿತ್ತು.

ನಮ್ಮಲ್ಲಿ ಕುರ್ಚಿ ಬಂದದ್ದು ಟಿಕೇಟಿನಿಂದ. ಡೇರೆ ಮೇಳಗಳು ಬಂದಾಗ ಯಕ್ಷಗಾನ ಕೆಟ್ಟಿತು, ವ್ಯಾಪಾರವಾಯಿತು ಅಂತ ಬಲ್ಲವರು ಕಣ್ಣೀರಿಟ್ಟಿದ್ದಾರೆ. ಅಪ್ಪ ಮಾತ್ರ ಡೇರೆಯನ್ನು ಹೊಗಳುತ್ತಿದ್ದ. ಹರಕೆಯಾಟಕ್ಕೆ ದುಡ್ಡಿಲ್ಲ, ಹುಣಿಯ ಆಚೆ ಜಾಗ. ಡೇರೆಗೆ ದುಡ್ಡು ಕೊಟ್ಟರೆ ಬೆಂಚು, ಪಕ್ಕದಲ್ಲಿ ಯಾರು ಕೂತರೂ ಆಯ್ತು. ಬದಿಯಿಂದ ನೋಡುತ್ತಿದ್ದ ವೇಷವನ್ನು ಅವನು ಎದುರಿನಿಂದ ನೋಡಿದ್ದು ಉಡುಪಿಯಲ್ಲಿ, ಒಂದು ದಿನದ ಕೂಲಿ ಕೊಟ್ಟು.

ಇನ್ನು ಚೋಮ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಚೋಮನ ಆಸೆ ಒಂದೇ, ಒಂದು ತುಂಡು ಗದ್ದೆ ಬೇಸಾಯಕ್ಕೆ ಬೇಕು. ಜೋಡಿ ಎತ್ತೂ ಇದೆ. ಹೊಲೆಯ ಬೇಸಾಯ ಮಾಡಬಾರದೆಂಬ ಕಟ್ಟಳೆಯೂ ಇದೆ. ಧಣಿ ಸಂಕಪ್ಪಯ್ಯನಿಗೆ ಮನಸ್ಸು ಕರಗಿದರೂ ಅವನ ತಾಯಿಗೆ ಒಪ್ಪಿಗೆಯಿಲ್ಲ. ಕಾರಂತರು ಚೋಮನಿಗೆ ಹಾಡು ಕೊಡಲಿಲ್ಲ, ದುಡಿ ಕೊಟ್ಟರು. ಮಾತಿಲ್ಲದ ‘ನನಗೆ ಬೇಕು’ ಅದು. ಇದರ ಬಗ್ಗೆ ನಮ್ಮ ಗೆಳೆಯರಲ್ಲಿ ಎರಡು ಮತ. ಬ್ರಾಹ್ಮಣ ಲೇಖಕನಿಗೆ ಹೊಲೆಯನ ಮಾತು ಕೇಳಿಸಲಿಲ್ಲ, ಬರೀ ಸದ್ದು ಕೇಳಿಸಿತು ಅಂತ ಒಂದು. ಕೇಳಿಸದ ಮಾತನ್ನು ಹುಟ್ಟಿಸಿ ಬರೆಯದಿರುವುದೇ ಪ್ರಾಮಾಣಿಕತೆ ಅಂತ ಇನ್ನೊಂದು. ನಾನು ಮೊದಲು ಮೊದಲನೆಯ ಕಡೆ ಇದ್ದೆ. ಈಗ ಎರಡನೆಯದರ ಕಡೆ ವಾಲುತ್ತೇನೆ. ಹರಿಶ್ಚಂದ್ರನ ಹುಡುಗಿಯರಿಗೆ ಸಿಕ್ಕ ಚಂದದ ಮಾತುಗಳ ಗತಿಯನ್ನು ನೋಡಿದ ಮೇಲೆ ಹಾಗನ್ನಿಸಿದೆ. ದುಡಿಗೆ ಎದುರು ಅರ್ಥ ಹೇಳಲು ಯಾರಿಂದಲೂ ಆಗುವುದಿಲ್ಲ.

ಬಿ.ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ. ಚೋಮನಾದವರು ವಾಸುದೇವ ರಾವ್. ರಾಷ್ಟ್ರದ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎರಡೂ ಪ್ರಶಸ್ತಿ ಬಂತು. ಅದರ ಹಿಂದಿನ ವರ್ಷ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿತ್ತು. ಉಳುವವನಿಗೆ ಹೊಲ ಬಂತು ಅಂತ ಊರೆಲ್ಲ ಡಿಕ್ಲರೇಶನ್ ಬರೆಸುತ್ತಿತ್ತು. ಗೇಣಿ ಚೀಟಿ ಇದ್ದ ಒಕ್ಕಲಿನವರು ಒಡೆಯರಾದರು. ಅವರ ಗದ್ದೆಯಲ್ಲಿ ನಿಜವಾಗಿ ಉಳುತ್ತಿದ್ದ ಅಪ್ಪನ ಹತ್ತಿರ ಚೀಟಿ ಇರಲಿಲ್ಲ. ಕೂಲಿಯವನು ‘ಉಳುವವನು’ ಆಗುವುದಿಲ್ಲ ಅಂತ ಕಾನೂನು. ಮನೆಯಡಿಯ ಸೆಂಟ್ಸು ಲೆಕ್ಕದ ಜಾಗವಷ್ಟೇ ನಮ್ಮ ಪಾಲು. ಚೋಮ ಸತ್ತು ನಾಲ್ಕು ದಶಕದ ಮೇಲೂ ಅವನ ಅರ್ಜಿ ಸ್ವೀಕಾರವಾಗಲಿಲ್ಲ.

ಅದೇ ವರ್ಷ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು, ‘ಸಮುದಾಯ’ ಹುಟ್ಟಿತು. ದಲಿತ ಸಂಘರ್ಷ ಸಮಿತಿಯ ಹಾಡುಗಳು ಘಟ್ಟ ಇಳಿದು ನಮ್ಮ ಕಾಲೊನಿಗೂ ಬಂದವು. ಮಣಿಪಾಲದ ಗುಡ್ಡದ ಬದಿಯ ಒಂದು ಹಾಸ್ಟೆಲಿನಲ್ಲಿ ತಮಟೆಯಿಲ್ಲದೆ ಬಕೆಟ್ಟು ಬಾರಿಸಿ ಹಾಡಿದ್ದೇವೆ. ಅಲ್ಲಿ ‘ನಾನು’ ಹೋಗಿ ‘ನಾವು’ ಬಂದಿತ್ತು. ದೊಡ್ಡ ಬಿಡುಗಡೆ ಅದು, ಸುಳ್ಳು ಹೇಳಬಾರದು. ಆದರೆ ಆ ‘ನಾವು’ವಿನಲ್ಲಿ ಉಪ್ಪಿನಕಾಯಿಗೊಂದು ಮಾದಳದ ಹಣ್ಣು ಬೇಕು ಅಂತ ಹೇಳುವ ಜಾಗ ಇರಲಿಲ್ಲ. ಹೆಂಗಸರಂತೂ ಕೋರಸ್ಸಿನಲ್ಲೇ ಉಳಿದರು.

ಸಿನಿಮಾವನ್ನು ಅಮ್ಮ ನೋಡಿದ್ದು ಒಂದು ಶಾಲೆಯ ಮೈದಾನದಲ್ಲಿ, ಪರದೆ ಕಟ್ಟಿ ತೋರಿಸಿದಾಗ. ಕೊನೆಯಲ್ಲಿ ಚೋಮ ನೇಗಿಲು ಮುರಿದು, ಎತ್ತುಗಳನ್ನು ಓಡಿಸಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಜೊತೆಗಿದ್ದ ಮೇಷ್ಟ್ರುಗಳು ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತ್ತು. ದಾರಿಯಲ್ಲಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಎತ್ತು ಬಿಟ್ಟದ್ದು ತಪ್ಪು’ ಅಂದಳು. ಯಾಕೆ ಅಂದೆ. ‘ಗದ್ದೆ ಕೊಡದಿದ್ದರೆ ಬೇಡ. ಜೋಡಿ ಎತ್ತು ಇದ್ದರೆ ಉಳುಮೆಗೆ ಬಾಡಿಗೆಗೆ ಕೊಡಬಹುದಿತ್ತಲ್ಲ. ಹುಡುಗಿ ಬೆಳ್ಳಿ ಒಬ್ಬಳೇ ಇದ್ದಾಳೆ, ಅವಳಿಗಾದರೂ ಆಗುತ್ತಿತ್ತು.’ ಬೆಳ್ಳಿಗೆ ಏನು ಬೇಕಿತ್ತು ಅಂತ ಆ ಪುಸ್ತಕದಲ್ಲಿ ಬರೆದಿದ್ದಾರೋ ಅಂತ ಕೇಳಿದಳು. ಮನೆಗೆ ಬಂದು ಹುಡುಕಿದೆ.