ಇಂಗ್ಲೆಂಡಿನ ವನಶಾಸನಗಳಲ್ಲಿ ಚಿಗುರಿನ ರಕ್ಷಣೆ

ಕಡಿದ ಮರದ ಬುಡ ಮತ್ತೆ ಚಿಗುರುವುದುಂಟು; ಆದರೆ ಆ ಚಿಗುರನ್ನು ದನಕುರಿಗಳು ಪದೇ ಪದೇ ಮೇಯ್ದರೆ ಬುಡವೇ ಸಾಯುತ್ತದೆ. ಆದುದರಿಂದ ಕಾಡಿನ ಅಳಿವು ಉಳಿವುಗಳು ಕೊಡಲಿಯನ್ನು ಮಾತ್ರವಲ್ಲ, ಕಡಿದ ಬಳಿಕ ಬರುವ ಕೆಲವು ವರ್ಷಗಳನ್ನೂ ಅವಲಂಬಿಸಿರುತ್ತವೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದಕ್ಕೆ ಎರಡು ಉಪಾಯಗಳಿದ್ದುವು. ದನ ಮೇಯುವ ಕಾಡುಗಳಲ್ಲಿ ಮರವನ್ನು ಬುಡಕ್ಕೆ ಕಡಿಯದೆ, ದನದ ಬಾಯಿಗೆ ಎಟುಕದ ಎತ್ತರದಲ್ಲಿ ತಲೆ ಸವರುತ್ತಿದ್ದರು. ಕೆಳಗೆ ಹುಲ್ಲೂ ಮೇಲೆ ಸೌದೆಯೂ ದೊರೆಯುತ್ತಿದ್ದುವು. ಬುಡಕ್ಕೆ ಕಡಿಯುವ ಕಿರುಗಾಡುಗಳಿಗಾದರೋ ಸುತ್ತಲೂ ಅಗಳು ತೋಡಿ, ಮಣ್ಣಿನ ಏರಿ ಹಾಕಿ, ಬೇಲಿ ಕಟ್ಟುತ್ತಿದ್ದರು.

ಈ ಎರಡನೆಯ ಉಪಾಯವನ್ನೇ ಶಾಸನಗಳು ಕೈಗೆತ್ತಿಕೊಂಡುವು. ಅರಸನ ಬೇಟೆಗಾಡುಗಳ ಎಲ್ಲೆಯೊಳಗೆ ಸ್ವಂತ ಕಾಡುಳ್ಳವರು ಕಡಿದ ಜಾಗವನ್ನು 7 ವರ್ಷ ಬೇಲಿಯೊಳಗಿಡಬಹುದೆಂದು 1482ರ ಶಾಸನವು ಅನುಮತಿಯಿತ್ತಿತು. ಅದಕ್ಕೆ ಮೊದಲು ಈ ಅವಧಿ 3 ವರ್ಷವಷ್ಟೇ ಆಗಿದ್ದಿತು. ಎಂಟನೆಯ ಹೆನ್ರಿಯ 1543ರ ಶಾಸನವು ಈ ಅನುಮತಿಯನ್ನು ಕರ್ತವ್ಯವನ್ನಾಗಿ ಮಾಡಿತು. ಎಕರೆಗೆ 12 ಮರಗಳನ್ನು ದಿಮ್ಮಿಗಾಗಿ ಉಳಿಸಬೇಕು. 14 ವರ್ಷದೊಳಗಿನ ಕಿರುಗಾಡನ್ನು ಕಡಿದರೆ 4 ವರ್ಷ, 14ರಿಂದ 24 ವರ್ಷದ್ದನ್ನು ಕಡಿದರೆ 6 ವರ್ಷ ದನಗಳನ್ನು ಒಳಗೆ ಬಿಡಕೂಡದು. ಶಾಸನಕಾರರು ಮರದ ರಕ್ಷಣೆಯನ್ನು ಹೀಗೆ ವರ್ಷಗಳಲ್ಲಿ ಅಳೆದುದು ಗಮನಾರ್ಹವಾಗಿದೆ.

ಇತರರಿಗೆ ಮೇವಿನ ಹಕ್ಕಿದ್ದ ಕಾಡುಗಳ ವಿಷಯದಲ್ಲಿ ಇದೇ ಶಾಸನವು ಇನ್ನೂ ಎಚ್ಚರಿಕೆಯಿಂದ ನಡೆಯಿತು. ಒಡೆಯನು ಕಾಡಿನ ನಾಲ್ಕನೆಯ ಒಂದು ಪಾಲನ್ನು ಮಾತ್ರ ಪ್ರತ್ಯೇಕಿಸಿ ಬೇಲಿ ಹಾಕಬಹುದಾಗಿದ್ದಿತು. ಅದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು, ಒಮ್ಮತವಾಗದಿದ್ದರೆ ಇಬ್ಬರು ನ್ಯಾಯಾಧಿಕಾರಿಗಳು ನಿರ್ಣಯಿಸಬೇಕು. ಇಲ್ಲಿ ಹಕ್ಕು ರದ್ದಾಗಲಿಲ್ಲ, ಚಿಗುರು ಬಲಿಯುವವರೆಗೆ ಬದಿಗೆ ಸರಿಯಿತು.

ಮೂರು ಶತಮಾನಗಳ ಅನಂತರ ಅದೇ ದೇಶದ ಆಳರಸರು ಭಾರತಕ್ಕೆ 1878ರ ಅರಣ್ಯ ಶಾಸನವನ್ನು ತಂದರು. ಅದರ ಪ್ರಕಾರ ಕಾದಿಟ್ಟ ಅರಣ್ಯದಲ್ಲಿ ದನ ಮೇಯಿಸುವುದು ಸಾಮಾನ್ಯವಾಗಿ ಅಪರಾಧ. ಹಕ್ಕುಗಳ ವಿಚಾರಣೆಗೆ ಅಧಿಕಾರಿಯೊಬ್ಬನನ್ನು ನೇಮಿಸುವ ವಿಧಿಯಿದ್ದಿತು. ಆದರೆ ಅಲ್ಲಿ ಅಂಗೀಕೃತವಾಗದ ವಾಡಿಕೆಯು ಹಕ್ಕಾಗಿ ಉಳಿಯಲಿಲ್ಲ, ಸರಕಾರದ ಪರವಾನಗಿಯನ್ನು ಕಾಯುವ ಸ್ಥಿತಿಗೆ ಬಂದಿತು. ಹಳೆಯ ಶಾಸನದಲ್ಲಿ ನಿಷೇಧಕ್ಕೆ ಒಂದು ಅವಧಿಯಿದ್ದಿತು. ಹೊಸದರಲ್ಲಿ ನಿಷೇಧವೇ ನಿಯಮವಾಯಿತು.

ಎರಡು ಶಾಸನಗಳೂ ಎಳೆಯ ಚಿಗುರನ್ನೇ ಕಾಯಹೊರಟುವೆಂಬುದು ನಿಜ. ಆದರೆ ಬೇಲಿ ಎಂದು ತೆರೆಯುವುದೆಂಬುದನ್ನು ಮೊದಲನೆಯದು ದನಗಾಹಿಗೆ ಮುಂಚಿತವಾಗಿಯೇ ತಿಳಿಸಿತ್ತು. ಅರಣ್ಯದ ಇತಿಹಾಸವನ್ನು ಅಭ್ಯಸಿಸುವವರು ಶಾಸನವು ಏನನ್ನು ನಿಷೇಧಿಸಿತೆಂಬುದರೊಡನೆ, ಎಷ್ಟು ಕಾಲ ಮತ್ತು ಯಾರ ಒಪ್ಪಿಗೆಯಿಂದ ನಿಷೇಧಿಸಿತೆಂಬುದನ್ನೂ ಪರಿಶೀಲಿಸಬೇಕಾಗುತ್ತದೆ.