ಬೇಲರ್ ಯಂತ್ರದ ಚಾಲನಾ ವ್ಯವಸ್ಥೆಯ ಸವೆತ

ಬೇಲರ್ ಎಂಬುದು ಒಣಹುಲ್ಲನ್ನು ಒತ್ತಿ ಪೆಂಡಿ ಕಟ್ಟುವ ಕೃಷಿಯಂತ್ರ. ಟ್ರ್ಯಾಕ್ಟರಿನ ಶಕ್ತಿಯನ್ನು ಈ ಯಂತ್ರದೊಳಕ್ಕೆ ಸಾಗಿಸುವ ದಂಡ, ಕೀಲು, ಕ್ಲಚ್ ಮತ್ತು ಗೇರುಗಳ ಸರಣಿಯೇ ಅದರ ಚಾಲನಾ ವ್ಯವಸ್ಥೆ. ಹಳೆಯ ಯಂತ್ರಗಳಲ್ಲಿ ಹೊಸ ಬಿಡಿಭಾಗ ಜೋಡಿಸಿದ ನಂತರವೂ ಅದೇ ಭಾಗ ಮತ್ತೆ ಮತ್ತೆ ಸವೆಯುವುದುಂಟು. ಅಂತಹ ಸಂದರ್ಭಗಳಲ್ಲಿ ಮೂಲದೋಷವು ಬಹುಮಟ್ಟಿಗೆ ಸವೆದ ಭಾಗದಲ್ಲಿರದೆ, ಜೋಡಣೆಯ ಕೋನ, ಅತಿಭಾರ ಅಥವಾ ಗ್ರೀಸಿನ ಕೊರತೆಯಲ್ಲಿರುತ್ತದೆ.

ಹಿನ್ನೆಲೆ

ಆರಂಭದ ಬೇಲರ್‌ಗಳು ಒಂದೆಡೆ ನಿಂತು ಕೆಲಸ ಮಾಡುತ್ತಿದ್ದವು. ಹುಲ್ಲನ್ನು ಅವುಗಳ ಬಳಿಗೆ ಹೊತ್ತು ತರಬೇಕಾಗಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎಡ್ವಿನ್ ನೋಲ್ಟ್, ಹೊಲದಲ್ಲಿ ಸಾಗುತ್ತಲೇ ಹುಲ್ಲನ್ನೆತ್ತಿ ತಾನಾಗಿಯೇ ದಾರ ಕಟ್ಟುವ ಯಂತ್ರವನ್ನು ರೂಪಿಸಿದರು. 1940ರಲ್ಲಿ ನ್ಯೂ ಹಾಲೆಂಡ್ ಸಂಸ್ಥೆಯು ಅದರ ತಯಾರಿಕೆಯನ್ನು ಕೈಗೊಂಡಿತು. ಆಯತಾಕಾರದ ಸಣ್ಣ ಪೆಂಡಿ ಕಟ್ಟುವ ಬೇಲರ್‌ಗಳಲ್ಲಿ ಹಲವು ದಶಕಗಳಷ್ಟು ಹಳೆಯವು ಇಂದಿಗೂ ಬಳಕೆಯಲ್ಲಿವೆ.

ಶಕ್ತಿ ಸಾಗುವ ಬಗೆ

ಟ್ರ್ಯಾಕ್ಟರಿನ ಹಿಂಬದಿಯ ಪಿ.ಟಿ.ಒ. ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅದರ ವ್ಯಾಸ ಸುಮಾರು 35 ಮಿ.ಮೀ.; ಮೇಲೆ 6 ಹಲ್ಲುಗಳಿರುತ್ತವೆ. ಇದರಿಂದ ಶಕ್ತಿಯು ಉದ್ದ ಹೆಚ್ಚು ಕಡಿಮೆಯಾಗಬಲ್ಲ ದಂಡದ ಮೂಲಕ ಫ್ಲೈವ್ಹೀಲಿಗೂ, ಅಲ್ಲಿಂದ ಗೇರ್‌ಬಾಕ್ಸಿಗೂ ಸಾಗುತ್ತದೆ. ಗೇರ್‌ಬಾಕ್ಸಿನ ಕ್ರ್ಯಾಂಕು ಪ್ಲಂಜರನ್ನು ಹಿಂದೆ ಮುಂದೆ ಓಡಿಸುತ್ತದೆ. ಪ್ಲಂಜರ್ ಹುಲ್ಲನ್ನು ಕತ್ತರಿಸಿ ಒತ್ತುವಾಗ ಭಾರ ಹಠಾತ್ತನೆ ಏರಿ, ಹಿಂದಿರುಗುವಾಗ ಇಳಿಯುತ್ತದೆ. ಈ ಏರಿಳಿತವನ್ನು ಫ್ಲೈವ್ಹೀಲ್ ತಗ್ಗಿಸುತ್ತದೆ. ಮಿತಿಮೀರಿದ ಭಾರ ಬಿದ್ದಾಗ ಜಾರುವ ಕ್ಲಚ್ ಹಾಗೂ ತಾನೇ ತುಂಡಾಗುವ ಶಿಯರ್ ಬೋಲ್ಟು ಉಳಿದ ಭಾಗಗಳನ್ನು ಕಾಪಾಡುತ್ತವೆ.

ಸವೆತದ ಕಾರಣಗಳು

ಕೀಲಿನ ಕೋನ: ದಂಡದ ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟುಗಳಲ್ಲಿ ಎರಡು ಕವೆಗಳ ನಡುವೆ ಶಿಲುಬೆಯಾಕಾರದ ಒಂದು ಭಾಗವಿರುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ‘ಕ್ರಾಸ್’ ಎನ್ನುತ್ತಾರೆ. ಇಂತಹ ಒಂದೇ ಕೀಲು ಬಾಗಿ ತಿರುಗಿದರೆ, ಒಳಬರುವ ವೇಗ ಸ್ಥಿರವಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಏರಿಳಿಯುತ್ತದೆ. ಕೋನ 15 ಡಿಗ್ರಿಯಾದಾಗ ಈ ಏರಿಳಿತ ಎರಡೂ ಕಡೆಗೆ ಸುಮಾರು ಶೇ. 3.5ರಷ್ಟಿದ್ದರೆ, 30 ಡಿಗ್ರಿಯಾದಾಗ ವೇಗವು ಶೇ. 13ರಷ್ಟು ಇಳಿದು ಶೇ. 15ರಷ್ಟು ಏರುತ್ತದೆ. ಎರಡೂ ಕೀಲುಗಳ ಕೋನ ಸಮನಾಗಿದ್ದು, ನಡುವಿನ ದಂಡದ ಎರಡು ತುದಿಯ ಕವೆಗಳು ಒಂದೇ ಸಮತಲದಲ್ಲಿದ್ದರೆ ಏರಿಳಿತಗಳು ಪರಸ್ಪರ ರದ್ದಾಗುತ್ತವೆ. ದುರಸ್ತಿಯ ನಂತರ ದಂಡವನ್ನು ತಪ್ಪು ಹಲ್ಲಿಗೆ ಕೂರಿಸಿದರೆ ಈ ಹೊಂದಾಣಿಕೆ ಕೆಟ್ಟು, ಹೊಸ ಕ್ರಾಸ್ ಕೂಡ ಬೇಗ ಹಾಳಾಗುತ್ತದೆ.

ಡ್ರಾಬಾರಿನ ಅಳತೆ: ಅಮೆರಿಕದ ಮಾನದಂಡದಂತೆ 540 ಸುತ್ತಿನ ಪಿ.ಟಿ.ಒ. ತುದಿಯಿಂದ ಡ್ರಾಬಾರಿನ ಪಿನ್ನಿಗೆ ಅಡ್ಡಲಾಗಿ 356 ಮಿ.ಮೀ. (14 ಅಂಗುಲ) ಅಂತರವಿರಬೇಕು. ಟ್ರ್ಯಾಕ್ಟರ್ ಬದಲಾದಾಗ ಈ ಅಳತೆ ತಪ್ಪಿದರೆ ತಿರುವುಗಳಲ್ಲಿ ಕೀಲುಗಳ ಕೋನ ಅಸಮವಾಗುತ್ತದೆ.

ಮೊಂಡಾದ ಅಲಗು: ಪ್ಲಂಜರಿನ ಅಲಗು ಮೊಂಡಾಗಿದ್ದರೆ ಅಥವಾ ಸ್ಥಿರ ಅಲಗಿನಿಂದ ದೂರ ಸರಿದಿದ್ದರೆ ಹುಲ್ಲು ಕತ್ತರಿಸದೆ ಹರಿಯುತ್ತದೆ, ಪ್ರತಿ ಹೊಡೆತದ ಪೆಟ್ಟು ದಂಡಕ್ಕೆ ತಗಲುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಅಂಶ ಹೆಚ್ಚಿರುವುದರಿಂದ ಅಲಗುಗಳು ಬೇಗ ಮೊಂಡಾಗುತ್ತವೆ. ಭತ್ತದ ಹುಲ್ಲನ್ನು ಯಂತ್ರದಿಂದ ಕಟ್ಟುವ ಕರ್ನಾಟಕದ ನೀರಾವರಿ ಪ್ರದೇಶಗಳಿಗೂ ಈ ಅಂಶ ಅನ್ವಯಿಸುತ್ತದೆ.

ರಕ್ಷಣಾ ಭಾಗಗಳ ವೈಫಲ್ಯ: ಹಲವು ತಿಂಗಳು ನಿಂತ ಯಂತ್ರದಲ್ಲಿ ಕ್ಲಚ್ ತುಕ್ಕು ಹಿಡಿದು ಜಾರದಂತಾಗಬಹುದು. ಪದೇ ಪದೇ ತುಂಡಾಗುವ ಶಿಯರ್ ಬೋಲ್ಟಿನ ಬದಲು ಹೆಚ್ಚು ಗಟ್ಟಿಯಾದ ಬೋಲ್ಟು ಹಾಕುವುದರಿಂದ ತೊಂದರೆ ನಿವಾರಣೆಯಾಗುವುದಿಲ್ಲ. ಬೋಲ್ಟು ತಾಳಿಕೊಂಡ ಪೆಟ್ಟು ಗೇರ್‌ಬಾಕ್ಸಿಗೆ ವರ್ಗಾವಣೆಯಾಗುತ್ತದೆ.

ಗ್ರೀಸಿನ ಕೊರತೆ: ಒಂದರೊಳಗೊಂದು ಸರಿಯುವ ಕೊಳವೆಗಳು ಒಣಗಿದ್ದರೆ ತಿರುವಿನಲ್ಲಿ ದಂಡ ಸುಲಭವಾಗಿ ಕುಗ್ಗುವುದಿಲ್ಲ. ಆಗ ಅದು ಎರಡೂ ತುದಿಯ ಬೇರಿಂಗುಗಳನ್ನು ಬಲವಾಗಿ ತಳ್ಳುತ್ತದೆ.

ದೋಷದ ಪತ್ತೆ

ಕಳಚಿದ ಭಾಗದ ಮೇಲಿನ ಗುರುತುಗಳು ಕಾರಣವನ್ನು ಸೂಚಿಸುತ್ತವೆ. ಆದ್ದರಿಂದ ಹಳೆಯ ಭಾಗವನ್ನು ಎಸೆಯುವ ಮುನ್ನ ಪರಿಶೀಲಿಸಬೇಕು.

• ಕ್ರಾಸಿನ ಮೇಲೆ ಸೂಜಿ ಬೇರಿಂಗಿನ ಗೆರೆಗಳು ಒತ್ತಿದಂತೆ ಮೂಡಿದ್ದರೆ: ಅತಿಭಾರ.
• ಕ್ರಾಸಿನ ತುದಿಗಳು ಉಜ್ಜಿ ಕಿತ್ತುಬಂದಿದ್ದರೆ: ಅತಿಯಾದ ಕೋನ ಅಥವಾ ಗ್ರೀಸಿನ ಕೊರತೆ.
• ಕೆಂಪು ಪುಡಿ ಅಥವಾ ಕಾದು ನೀಲಿಯಾದ ಬಣ್ಣವಿದ್ದರೆ: ಗ್ರೀಸಿನ ಕೊರತೆ.
• ದಂಡದ ಹಲ್ಲುಗಳು ತಿರುಚಿಕೊಂಡಿದ್ದರೆ: ಹಠಾತ್ ಪೆಟ್ಟು, ಕ್ಲಚ್ ಜಾರದಿರುವ ಸಾಧ್ಯತೆ.
• ತಿರುವಿನಲ್ಲಿ ಮಾತ್ರ ಅದುರಿದರೆ: ಕೋನದ ಅಥವಾ ಡ್ರಾಬಾರಿನ ದೋಷ.
• ಪ್ಲಂಜರಿನ ಪ್ರತಿ ಹೊಡೆತಕ್ಕೂ ಬಡಿತ ಕೇಳಿಸಿದರೆ: ಸಡಿಲವಾದ ಫ್ಲೈವ್ಹೀಲ್, ಸವೆದ ಕ್ರ್ಯಾಂಕ್ ಬೇರಿಂಗ್ ಅಥವಾ ಅಲಗಿನ ದೋಷ.

ದುರಸ್ತಿ ಮತ್ತು ನಿರ್ವಹಣೆ

ಹೊಸ ಭಾಗ ಜೋಡಿಸುವ ಮೊದಲು ಡ್ರಾಬಾರಿನ ಅಳತೆ, ಕವೆಗಳ ಹೊಂದಾಣಿಕೆ, ಅಲಗುಗಳ ಅಂತರ ಮತ್ತು ಕ್ಲಚ್ಚಿನ ಜಾರುವಿಕೆಯನ್ನು ಕ್ರಮವಾಗಿ ಪರೀಕ್ಷಿಸಲಾಗುತ್ತದೆ. ತುಕ್ಕು ಹಿಡಿದ ಕ್ಲಚ್ಚಿನ ಸ್ಪ್ರಿಂಗುಗಳನ್ನು ಸಡಿಲಿಸಿ, ಕೆಲವು ಕ್ಷಣ ಜಾರಿಸಿ, ತಯಾರಕರ ಕೈಪಿಡಿಯ ಅಳತೆಗೆ ಮತ್ತೆ ಬಿಗಿಗೊಳಿಸಬೇಕು. ಶಿಯರ್ ಬೋಲ್ಟು ಕೈಪಿಡಿ ಸೂಚಿಸಿದ ದರ್ಜೆಯದ್ದೇ ಆಗಿರಬೇಕು.

ಸುರಕ್ಷತೆ

540 ಸುತ್ತಿನ ದಂಡವು ಸೆಕೆಂಡಿಗೆ 9 ಬಾರಿ ತಿರುಗುತ್ತದೆ. ಬಟ್ಟೆಯ ಅಂಚು ಸಿಲುಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಪಿ.ಟಿ.ಒ. ಬಿಡಿಸಿದ ಮೇಲೂ ಫ್ಲೈವ್ಹೀಲ್ ಕೆಲಕಾಲ ತಿರುಗುತ್ತಿರುತ್ತದೆ. ಆದುದರಿಂದ ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದು, ಫ್ಲೈವ್ಹೀಲ್ ಸಂಪೂರ್ಣ ನಿಂತ ನಂತರವೇ ಪರೀಕ್ಷೆ ಆರಂಭಿಸಬೇಕು. ದುರಸ್ತಿಗಾಗಿ ತೆಗೆದ ದಂಡದ ರಕ್ಷಾಕವಚವನ್ನು ಯಂತ್ರ ಚಾಲನೆಗೆ ಮುನ್ನ ಮರಳಿ ಜೋಡಿಸುವುದು ಅಗತ್ಯ.