ಅರ್ಕಾವತಿ ಕಣಿವೆಯ ಭೂದೃಶ್ಯ ಛಾಯಾಗ್ರಹಣ

ನಂದಿಬೆಟ್ಟದಲ್ಲಿ ಹುಟ್ಟಿ, ಬೆಂಗಳೂರಿನ ಪಶ್ಚಿಮಕ್ಕೆ ಬಳಸಿ ಹರಿದು, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಗೆ ಕೂಡುವ ಅರ್ಕಾವತಿ ನದಿಯ ಕಣಿವೆಯನ್ನೂ ಅದರ ಆಚೀಚಿನ ಕಲ್ಲುಬೆಟ್ಟಗಳನ್ನೂ ವಸ್ತುವಾಗಿ ಉಳ್ಳ ಛಾಯಾಗ್ರಹಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಹವ್ಯಾಸಿಗಳು ಕನಕಪುರ ರಸ್ತೆಯನ್ನೋ ಮೈಸೂರು ರಸ್ತೆಯನ್ನೋ ಹಿಡಿದು ನಸುಕಿಗೆ ಮುಂಚೆ ಹೊರಟರೆ ಸೂರ್ಯೋದಯದ ಹೊತ್ತಿಗೆ ತಲುಪಬಹುದಾದ ಬೆಟ್ಟಸಾಲು ಇದು. ದಕ್ಷಿಣ ಬೆಂಗಳೂರಿಗೂ ಈ ಕಣಿವೆಗೂ ನೀರಿನ ನಂಟೂ ಉಂಟು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವ ವೃಷಭಾವತಿ ನಗರದ ಕೊಳಚೆಯನ್ನು ಹೊತ್ತು, ಬೈರಮಂಗಲ ಕೆರೆಯನ್ನು ದಾಟಿ, ಕನಕಪುರದ ಕಡೆ ಅರ್ಕಾವತಿಗೆ ಸೇರುತ್ತದೆ. ಬೈರಮಂಗಲದ ಸುತ್ತ ತೆಗೆದ ಚಿತ್ರಗಳಲ್ಲಿ ನೀರಿನ ಮೇಲೆ ಬೆಳ್ಳಗೆ ತೇಲುವುದೆಲ್ಲ ಮಂಜೆಂದು ನಂಬಬೇಕಾಗಿಲ್ಲ. ಸೋಪಿನ ನೊರೆಯೂ ಇದ್ದೀತು.

ಇಲ್ಲಿನ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರಿನಿಂದಾಗಿ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬೂದು ಬಣ್ಣದ ಕಲ್ಲಿನಲ್ಲಿ ದಪ್ಪ ದಪ್ಪ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳಿರುವುದರಿಂದ ಮುಂಜಾನೆಯ ಓರೆ ಬಿಸಿಲು ಬಿದ್ದಾಗ ಇಡೀ ಗುಡ್ಡವೇ ಕೆಂಪೇರುತ್ತದೆ. ಮಳೆನೀರು ಇಳಿಯುವ ಜಾಡುಗಳಲ್ಲಿ ಪಾಚಿ, ಕಲ್ಲುಹೂ ಬೆಳೆದು ಒಣಗಿ ಉದ್ದುದ್ದ ಕಪ್ಪು ಪಟ್ಟೆಗಳಾಗಿವೆ. ಕಪ್ಪು ಬಿಳುಪಿನಲ್ಲಿ ಕೆಲಸ ಮಾಡುವವರಿಗೆ ಅರ್ಧ ಚಿತ್ರವನ್ನು ಈ ಪಟ್ಟೆಗಳೇ ಬರೆದುಕೊಡುತ್ತವೆ.

ಬೆಟ್ಟಗಳು ಎತ್ತರದವಲ್ಲ. ಸಾವನದುರ್ಗ 1,226 ಮೀಟರ್, ನದಿಯ ಮೂಲದ ನಂದಿ 1,478 ಮೀಟರ್. ಅವು ಬಿಡಿಬಿಡಿಯಾಗಿ ಎದ್ದು ನಿಂತಿರುವ ಕಾರಣ ಹಿಮಾಲಯದ ಚಿತ್ರಗಳಿಂದ ಕಲಿತ ಪಾಠ ಇಲ್ಲಿ ಕೈಕೊಡುತ್ತದೆ. ವೈಡ್ ಲೆನ್ಸ್ ಹಾಕಿದರೆ ಸಾವನದುರ್ಗವೂ ಬಯಲಿನಲ್ಲಿ ಬಿದ್ದ ಗುಂಡುಕಲ್ಲಿನಂತೆ ಕುಗ್ಗುತ್ತದೆ. 70–200 ಮಿ.ಮೀ.ನಂಥ ಟೆಲಿ ಲೆನ್ಸ್‌ನಲ್ಲಿ ಹತ್ತಿರದ ಬಂಡೆ, ನಡುವಿನ ತೆಂಗು ಮಾವಿನ ತೋಟ, ಹಿಂದಿನ ಗುಡ್ಡ ಒಂದರ ಬೆನ್ನಿಗೊಂದು ಒತ್ತಿಕೊಂಡು ನಿಲ್ಲುತ್ತವೆ. ಕಣಿವೆಗೆ ಆಳ ಬರುವುದು ಆಗಲೇ. ತುದಿಗೆ ಹತ್ತಿ ಕೆಳಗೆ ನೋಡಿ ತೆಗೆದ ಚಿತ್ರಗಳಿಗಿಂತ ಅರ್ಧ ದಾರಿಯಲ್ಲಿ ನಿಂತು ಎದುರು ಗುಡ್ಡವನ್ನು ತೆಗೆದವೇ ಸಾಮಾನ್ಯವಾಗಿ ಮೇಲು.

ಡಿಸೆಂಬರ್, ಜನವರಿಯ ತಿಳಿ ರಾತ್ರಿಗಳಲ್ಲಿ ನೆಲ ಬೇಗ ತಣಿದು, ಮಂಚನಬೆಲೆ ಜಲಾಶಯದ ಆಸುಪಾಸಿನ ತೇವಗಾಳಿ ತಗ್ಗುಗಳಲ್ಲಿ ಮಂಜಾಗಿ ನಿಲ್ಲುತ್ತದೆ. ಬಿಸಿಲೇರಿದಂತೆ ಅದು ಕರಗುವುದರಿಂದ ಬೆಳಗಿನ ಮೊದಲ ಗಂಟೆ ಮುಖ್ಯ. ಬೆಳ್ಳನೆಯ ಮಂಜನ್ನು ಕ್ಯಾಮೆರಾದ ಮೀಟರ್ ಬೂದಾಗಿಸಲು ನೋಡುವುದರಿಂದ ಎಕ್ಸ್‌ಪೋಷರನ್ನು ತುಸು ಏರಿಸಿಕೊಳ್ಳುತ್ತಾರೆ. ಫೆಬ್ರವರಿಯಿಂದ ಧೂಳಿನ ಮಬ್ಬು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಹುಯ್ದು ನಿಂತ ಮೇಲೆ ಗಾಳಿ ತೊಳೆದಿಟ್ಟಂತಿರುತ್ತದೆ, ಆದರೆ ನೆನೆದ ಬಂಡೆ ಕನ್ನಡಿಯಂತೆ ಹೊಳೆಯುತ್ತದೆ; ಪೋಲರೈಸರ್ ಫಿಲ್ಟರ್ ಇಲ್ಲದಿದ್ದರೆ ಕಲ್ಲಿನ ಬಣ್ಣ ಸಿಗದು.

ಕ್ಯಾಮೆರಾಕ್ಕೆ ಮೊದಲೇ ಈ ಬೆಟ್ಟಗಳು ಚಿತ್ರವಾಗಿದ್ದವು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಟಿಪ್ಪುವಿನಿಂದ ಸಾವನದುರ್ಗವನ್ನು ಗೆದ್ದುಕೊಂಡಿತು. ಆ ಸೇನೆಯ ಜೊತೆಗಿದ್ದ ಕಲಾವಿದ ರಾಬರ್ಟ್ ಹೋಮ್ ಮೈಸೂರು ಸೀಮೆಯ ನೋಟಗಳ ಪುಸ್ತಕವನ್ನು 1794ರಲ್ಲಿ ಹೊರತಂದ. ಈ ಭೂದೃಶ್ಯವನ್ನು ದೇಶಕ್ಕೆಲ್ಲ ತೋರಿಸಿದ್ದು ಮಾತ್ರ ಸಿನಿಮಾ. 1973ರಲ್ಲಿ ರಾಮನಗರದಲ್ಲಿ ಚಿತ್ರೀಕರಣ ಆರಂಭಿಸಿ 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಬಂಡೆಗಳನ್ನು ಪಾತ್ರಗಳಷ್ಟೇ ಗಟ್ಟಿಯಾಗಿ ನಿಲ್ಲಿಸಿದರು. ನಿರ್ದೇಶಕ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳಿಗಾಗಿ ಇಲ್ಲಿಗೆ ಬಂದ. ಇವತ್ತಿಗೂ ಹೊಸಬರ ಕ್ಯಾಮೆರಾ ತಾನಾಗಿ ‘ಶೋಲೆ’ಯ ಗಬ್ಬರನ ಬಂಡೆಯ ಕಡೆಗೇ ತಿರುಗುತ್ತದೆ. ಅದರಿಂದ ಬಿಡಿಸಿಕೊಳ್ಳುವುದೇ ಕಷ್ಟ.

ಸ್ಥಿರಚಿತ್ರಗಳ ಹವ್ಯಾಸವನ್ನು ಬೆಳೆಸಿದ್ದು ಬೆಂಗಳೂರಿನ ಸಂಘಗಳು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅವುಗಳಲ್ಲಿ ಪ್ರಮುಖ. ನಗರದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಹೆಸರಾದದ್ದು ವನ್ಯಜೀವಿ ಚಿತ್ರಗಳಿಂದ. ಸಂಡೂರಿನ ಎಂ.ವೈ. ಘೋರ್ಪಡೆ ಅವರ ಕಪ್ಪು ಬಿಳುಪು ಚಿತ್ರಗಳಲ್ಲೂ (‘ಸನ್‌ಲೈಟ್ ಅಂಡ್ ಶ್ಯಾಡೋಸ್’, 1983) ಪ್ರಾಣಿಗಳದೇ ಮೇಲುಗೈ. ಕರ್ನಾಟಕದಲ್ಲಿ ಭೂದೃಶ್ಯ ಇನ್ನೂ ಪ್ರಾಣಿಗಳ ಹಿನ್ನೆಲೆಯಾಗಿಯೇ ಉಳಿದಿದೆ ಎಂದರೆ ತಪ್ಪಾಗದು.

ರಾಮನಗರದ ರಾಮದೇವರ ಬೆಟ್ಟದ ಸುತ್ತಲಿನ ಸುಮಾರು 346 ಹೆಕ್ಟೇರ್ ಪ್ರದೇಶ 2012ರಿಂದ ರಣಹದ್ದು ಧಾಮ. ಉದ್ದಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುತ್ತವೆ. ಅಳಿವಿನಂಚಿನಲ್ಲಿರುವ ಇವು ಗದ್ದಲಕ್ಕೆ ಗೂಡು ಬಿಟ್ಟುಹೋಗುವ ಭಯವಿದೆ. ಕಣಿವೆಯ ಚಿತ್ರ ಬೇಕಾದವರು ಡ್ರೋನನ್ನು ಮನೆಯಲ್ಲೇ ಬಿಟ್ಟು, ಬೆಟ್ಟದ ದೇವಸ್ಥಾನದ ಮೆಟ್ಟಿಲ ದಾರಿಯಿಂದಲೇ ತೆಗೆದುಕೊಳ್ಳಬೇಕು.